ಎ, ಬಿ, ಸಿ: ಬಾಗಿಲ ಮೇಲಿನ ಅಕ್ಷರದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮೊದಲು ಹಿಂಜರಿದೆ. ಕಟ್ಟಡಕ್ಕೆ ಜಾಗ ಕೊಟ್ಟವರು, ಮೊದಲ ಮುಖ್ಯೋಪಾಧ್ಯಾಯರು, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳು, ಇವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನಾನು ಗಣಿತದ ಮಾಸ್ತರು. ಸಿರುಗುಪ್ಪ ತಾಲ್ಲೂಕಿನಲ್ಲಿ ಸೇವೆಗೆ ಸೇರಿ, ಕುರುಗೋಡು ಭಾಗದಲ್ಲಿ ಕೆಲಸ ಮಾಡಿ, ಕೊನೆಗೆ ಬಳ್ಳಾರಿ ನಗರದ ಈ ಶಾಲೆಯಲ್ಲಿ ನಿವೃತ್ತನಾದವನು. ಹೋದ ಕಡೆಯೆಲ್ಲ ಜೂನ್ ತಿಂಗಳ ಮೊದಲ ವಾರ ನನ್ನ ಪಾಲಿಗೆ ಒಂದೇ ಕೆಲಸ ಬರುತ್ತಿತ್ತು. ದಾಖಲಾತಿ ವಹಿ ಮುಂದಿಟ್ಟುಕೊಂಡು, ಯಾವ ಮಗು ಎ ವಿಭಾಗ, ಯಾವುದು ಬಿ, ಯಾವುದು ಸಿ ಎಂದು ಪಟ್ಟಿ ಮಾಡುವ ಕೆಲಸ.

ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಆ ಪಟ್ಟಿ ಮಗುವಿನ ಮುಂದಿನ ಒಂದು ವರ್ಷವನ್ನು, ಎಷ್ಟೋ ಸಲ ಅದರಾಚೆಯದನ್ನೂ, ನಿರ್ಧರಿಸುತ್ತಿತ್ತು. ಯಾವ ಭಾಷೆಯನ್ನು ಪ್ರಥಮ ಭಾಷೆಯಾಗಿ ಓದಬೇಕು, ಯಾವ ಮಾಧ್ಯಮದಲ್ಲಿ ಉತ್ತರ ಬರೆಯಬೇಕು, ಗಣಿತದಲ್ಲಿ ಪೂರ್ತಿ ಪುಸ್ತಕ ಕಲಿಯಬೇಕೋ ಪಾಸಾಗುವಷ್ಟೇ ಕಲಿಯಬೇಕೋ, ಎಲ್ಲವೂ ಆ ಪಟ್ಟಿಯಲ್ಲಿ ಅಡಗಿರುತ್ತಿದ್ದವು. ಆದ್ದರಿಂದ ಆ ಪಟ್ಟಿಯ ಚರಿತ್ರೆಯನ್ನೇ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಫಾರಂಗಳ ಕಾಲ

ನಮ್ಮ ಹಿರಿಯರು "ನಾನು ಸಿಕ್ಸ್ತ್ ಫಾರಂ ಪಾಸು" ಎಂದು ಹೇಳುತ್ತಿದ್ದುದನ್ನು ಕೇಳಿದವರಿಗೆ ಗೊತ್ತು, ಬಳ್ಳಾರಿ 1953ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಐದನೆಯ ತರಗತಿ ಮುಗಿದ ಮೇಲೆ ಒಂದನೆಯ ಫಾರಂ. ಹೀಗೆ ಆರು ಫಾರಂ ದಾಟಿದರೆ ಒಟ್ಟು ಹನ್ನೊಂದು ವರ್ಷದ ಓದು. ಅದರ ಕೊನೆಗೆ ಎಸ್.ಎಸ್.ಎಲ್.ಸಿ. ಮದರಾಸು ಸರ್ಕಾರ ಹಳೆಯ ಮೆಟ್ರಿಕ್ಯುಲೇಷನ್ ಜಾಗಕ್ಕೆ ಈ ಪರೀಕ್ಷೆಯನ್ನು ತಂದದ್ದು 1911ರ ಹೊತ್ತಿಗೆ. ಎಲ್ಲರೂ ಓದಲೇಬೇಕಾದ ವಿಷಯಗಳು ಕೆಲವು, ಆರಿಸಿಕೊಳ್ಳಬೇಕಾದ ಐಚ್ಛಿಕ ವಿಷಯಗಳು ಕೆಲವು ಎಂಬುದು ಅದರ ಕ್ರಮ.

ಐಚ್ಛಿಕ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಶಾಲೆಯಲ್ಲಿ ಯಾವ ವಿಷಯಕ್ಕೆ ಮಾಸ್ತರಿದ್ದಾರೋ ಅದೇ ಮಗುವಿನ ಇಚ್ಛೆ. ವಿಜ್ಞಾನ ಹೇಳುವವರು, ಪ್ರಯೋಗದ ಸಾಮಾನು ಇರುವ ಶಾಲೆ ಊರಿನಲ್ಲಿದ್ದರೆ ವಿಜ್ಞಾನ, ಇಲ್ಲದಿದ್ದರೆ ಚರಿತ್ರೆ. ಹತ್ತಿರದಲ್ಲಿ ಹೈಸ್ಕೂಲೇ ಇಲ್ಲದ ಹಳ್ಳಿಯ ಹುಡುಗನಿಗೆ ಬಳ್ಳಾರಿಯಲ್ಲಿ ನೆಂಟರ ಮನೆ ಇದ್ದರೆ ಓದು, ಇಲ್ಲದಿದ್ದರೆ ಹೊಲ. ವಿಭಾಗ ಮಾಡುವ ಮಾಸ್ತರಿಗಿಂತ ಮೊದಲೇ ದಾರಿಯ ದೂರ ಮಕ್ಕಳನ್ನು ವಿಂಗಡಿಸಿಬಿಡುತ್ತಿತ್ತು.

ಇಂಗ್ಲಿಷ್ ಮಾಧ್ಯಮದ ಜಾಗಕ್ಕೆ ಮಾತೃಭಾಷೆ ಮೆಲ್ಲಗೆ ಬಂದಾಗ ಬಳ್ಳಾರಿಯಂಥ ಊರಿನಲ್ಲಿ ಹೊಸದೊಂದು ಪ್ರಶ್ನೆ ಎದ್ದಿತು. ಯಾರ ಮಾತೃಭಾಷೆ? ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುವ ಊರಿದು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಆಡುವ ಹುಡುಗನನ್ನು ಎಲ್ಲಿ ಕೂರಿಸಬೇಕು? ವಿಭಾಗ ಎಂದರೆ ಭಾಷೆ ಎಂಬ ಅರ್ಥ ನಮ್ಮ ಕಡೆ ಬಂದದ್ದು ಹೀಗೆ.

1953: ಗಡಿ ಸರಿದ ವರ್ಷ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾವ ಕಡೆಗೆ ಎಂಬ ವಿವಾದವನ್ನು ನ್ಯಾಯಮೂರ್ತಿ ಮಿಶ್ರ ಅವರು ವಿಚಾರಣೆ ಮಾಡಿ ವರದಿ ಕೊಟ್ಟ ಮೇಲೆ ಅದು ಮೈಸೂರಿನ ಪಾಲಿಗೆ ಬಂತು. ಇಂದು ತಾಲ್ಲೂಕು ಕೇಂದ್ರವಾಗಿರುವ ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನ ಭಾಗ. ಹಾಗಾಗಿ ಅದರ ಹಣೆಬರಹವೂ ಆ ವರದಿಯಲ್ಲೇ ಇತ್ತು.

ಈ ಕಥೆಯನ್ನು ನಾವು ಹೋರಾಟದ ಕಥೆಯಾಗಿ ಹೇಳುತ್ತೇವೆ, ಹೇಳಲೇಬೇಕು. ಆದರೆ ತಾರೀಖನ್ನು ಇನ್ನೊಮ್ಮೆ ನೋಡಿ. ಶಾಲೆ ಶುರುವಾದದ್ದು ಬೇಸಿಗೆ ರಜೆ ಮುಗಿದ ಮೇಲೆ, ಗಡಿ ಬದಲಾದದ್ದು ಅಕ್ಟೋಬರಿನಲ್ಲಿ. ಮದರಾಸಿನ ಫಾರಂಗೆ ಹೆಸರು ಹಚ್ಚಿದ ಮಗು ವರ್ಷದ ನಡುವೆ ಮೈಸೂರು ರಾಜ್ಯದ ಮಗುವಾಯಿತು. ಬೆಂಚು ಅದೇ, ಮಾಸ್ತರು ಅವರೇ. ಸರ್ಕಾರ ಬೇರೆ, ಮುಂದಿನ ವರ್ಷಗಳ ಪಠ್ಯ ಬೇರೆ, ಪರೀಕ್ಷೆ ಬೇರೆ. ಸಿರುಗುಪ್ಪದ ಹುಡುಗನೂ ಪಕ್ಕದ ಆದೋನಿಯ ಹುಡುಗನೂ ಅಲ್ಲಿಯವರೆಗೆ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಿದ್ದವರು, ಆಮೇಲೆ ಬೇರೆ ಬೇರೆ.

ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಅದೇ ವರ್ಷಗಳಲ್ಲಿ ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳಿಗೆ ನೀರು ಬಂತು. ಸಿರುಗುಪ್ಪದ ಎರೆಭೂಮಿ ಭತ್ತದ ಗದ್ದೆಯಾಯಿತು. ಬೇಸಾಯ ಬಲ್ಲ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಹುಟ್ಟಿದವು. ಆ ಕ್ಯಾಂಪುಗಳ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಿಗೆ ಬಂದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಈ ಮಕ್ಕಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಗುಂಪುಗಳು ಬಂದು ಹೋದವು

ಸ್ವಾತಂತ್ರ್ಯ ಬಂದ ಮೇಲೆ ಹೈಸ್ಕೂಲಿನ ಮಕ್ಕಳನ್ನು ವಿಷಯವಾರು ಹೇಗೆ ವಿಂಗಡಿಸಬೇಕೆಂಬುದನ್ನು ಎರಡು ಆಯೋಗಗಳು ಯೋಚಿಸಿದವು. 1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳು. ಮಗುವಿನ ಒಲವು ನೋಡಿ ಒಂದಕ್ಕೆ ಸೇರಿಸಬೇಕು ಎಂಬುದು ಅದರ ಆಲೋಚನೆ. ಉದ್ದೇಶ ಒಳ್ಳೆಯದು. ಏಳು ಗುಂಪಿಗೆ ಬೇಕಾದ ಮಾಸ್ತರು, ಕೋಣೆ, ಸಲಕರಣೆ ಎಷ್ಟು ಶಾಲೆಗಳಲ್ಲಿದ್ದಾವು? ಹದಿಮೂರು ವರ್ಷದ ಮಗುವಿನ ಒಲವನ್ನು ಅಳೆಯುವವರು ಯಾರು? ತಾಂತ್ರಿಕ ಗುಂಪಿಗೆ ಯಾರ ಮಕ್ಕಳು, ವಿಜ್ಞಾನ ಗುಂಪಿಗೆ ಯಾರ ಮಕ್ಕಳು ಎಂಬುದು ಒಲವಿಗಿಂತ ಮನೆತನ ನೋಡಿ ತೀರ್ಮಾನವಾಗುವ ಅಪಾಯ ಅದರಲ್ಲಿತ್ತು.

1964-66ರ ಕೊಠಾರಿ ಆಯೋಗ ಬೇರೆ ದಾರಿ ತೋರಿಸಿತು. ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಒಂದೇ ಸಾಮಾನ್ಯ ಶಿಕ್ಷಣ ಇರಲಿ, ಗಣಿತ ಮತ್ತು ವಿಜ್ಞಾನ ಎಲ್ಲರೂ ಕಲಿಯಲಿ, ಕವಲು ಒಡೆಯುವುದು ಆಮೇಲೆ ಎಂದಿತು. 1966ರಲ್ಲೇ ನಮ್ಮ ರಾಜ್ಯದಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯೂ ಸ್ಥಾಪನೆಯಾಯಿತು. ನಮ್ಮ ಶಾಲೆ ಹುಟ್ಟುವ ಹೊತ್ತಿಗೆ ಎಂಟು, ಒಂಬತ್ತು, ಹತ್ತು ಎಂಬ ಮೂರು ವರ್ಷದ ಪ್ರೌಢಶಾಲೆ ಗಟ್ಟಿಯಾಗಿ ನಿಂತಿತ್ತು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ರೈತನ ಮಗಳಿಗೂ ವಕೀಲರ ಮಗನಿಗೂ ಅದೇ ಆರು ಪತ್ರಿಕೆ. ಈ ಸಮಾನತೆ ಸುಮ್ಮನೆ ಬಂದದ್ದಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಭಾಷೆಯ ಪತ್ರಿಕೆ

ವಿಷಯಗಳ ಆಯ್ಕೆ ಹೋದರೂ ಭಾಷೆಯ ಆಯ್ಕೆ ಉಳಿಯಿತು. ಪ್ರಥಮ ಭಾಷೆ ಯಾವುದೆಂಬ ಪ್ರಶ್ನೆ ರಾಜ್ಯವನ್ನೇ ಅಲುಗಾಡಿಸಿತು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನೇ ಓದದೆ ಹೈಸ್ಕೂಲು ಮುಗಿಸುವುದು ಆಗ ಸಾಧ್ಯವಿತ್ತು. ಹೆಚ್ಚು ಅಂಕ ಬರುತ್ತದೆಂಬ ಆಸೆಯೂ ಅದಕ್ಕೆ ಒಂದು ಕಾರಣವಾಗಿತ್ತು. ಸರ್ಕಾರ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ, ಅದಕ್ಕೆ 150 ಅಂಕ, ಉಳಿದ ಎರಡು ಭಾಷೆಗಳಿಗೆ ತಲಾ 100 ಎಂದು 1981ರಲ್ಲಿ ವರದಿ ಬಂತು. 1982ರ ಚಳವಳಿ, ಡಾ. ರಾಜ್‌ಕುಮಾರ್ ಅವರು ಊರೂರು ಸುತ್ತಿದ್ದು, ಇವೆಲ್ಲ ಈ ಸಂಚಿಕೆ ಓದುವ ಹಿರಿಯರಿಗೆ ಕಣ್ಣಿಗೆ ಕಟ್ಟಿದಂತಿವೆ. ಮುಂದೆ ಕನ್ನಡವೊಂದೇ ಪ್ರಥಮ ಭಾಷೆ ಎಂಬ ಆದೇಶ 1989ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಕನ್ನಡ, ತೆಲುಗು, ಉರ್ದು, ಮರಾಠಿ, ತಮಿಳು, ಹಿಂದಿ, ಇಂಗ್ಲಿಷ್, ಸಂಸ್ಕೃತ ಇವುಗಳಲ್ಲಿ ಒಂದನ್ನು ಪ್ರಥಮ ಭಾಷೆಯಾಗಿ ಬರೆಯುವ ಕ್ರಮ ಉಳಿಯಿತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಥಮವೋ ದ್ವಿತೀಯವೋ, ಕನ್ನಡ ಎಲ್ಲರೂ ಕಲಿಯಲೇಬೇಕು ಎಂದಿತು.

ಕಾಗದದ ಮೇಲೆ ಇಷ್ಟೆಲ್ಲ ಆಯ್ಕೆ. ಸಿರುಗುಪ್ಪದ ಕ್ಯಾಂಪಿನ ಮಗುವಿಗೆ ಆಯ್ಕೆ ಇರಲಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಇರುವವರು ಕನ್ನಡ ಮಾಸ್ತರು. ಒಂದು ಭಾಷೆಗೆ ಬೇರೆ ವಿಭಾಗ ತೆರೆಯಬೇಕೆಂದರೆ ಅಷ್ಟು ಮಕ್ಕಳೂ ಬೇಕು, ಮಂಜೂರಾದ ಹುದ್ದೆಯೂ ಬೇಕು. ಆ ಮಗು ಕನ್ನಡವನ್ನು ಪ್ರಥಮ ಭಾಷೆಯಾಗಿಯೇ ಓದಿತು. ಇದನ್ನು ದೂರೆಂದು ಹೇಳುತ್ತಿಲ್ಲ. ಕನ್ನಡ ಕಲಿತದ್ದರಿಂದ ಆ ಮಕ್ಕಳಿಗೆ ಲಾಭವೇ ಆಗಿದೆ, ಎಷ್ಟೋ ಜನ ನಮಗಿಂತ ಚೆಂದದ ಕನ್ನಡ ಬರೆಯುತ್ತಾರೆ. ಆದರೆ ಆ ಮಗು ಬೇರೆ ಮಕ್ಕಳಿಗಿಂತ ಒಂದು ಗುಡ್ಡ ಹೆಚ್ಚು ಹತ್ತಿ ಬಂದಿದೆ ಎಂಬುದನ್ನು ಪಟ್ಟಿ ಮಾಡುವವನು ಮರೆಯಬಾರದು. ನಾನು ಮರೆತಿದ್ದೆ.

ನಾನು ಮಾಡಿದ ಪಟ್ಟಿ

ಶಾಲೆಯ ಹೆಸರು ಬೇಡ. ಫಲಿತಾಂಶ ಕಡಿಮೆ ಬಂದಿತ್ತು, ಮೇಲಿನಿಂದ ನೋಟೀಸು ಬಂದಿತ್ತು. ಶಿಕ್ಷಕರ ಸಭೆಯಲ್ಲಿ ಹತ್ತನೆಯ ತರಗತಿಯನ್ನು ಒಂಬತ್ತನೆಯ ವಾರ್ಷಿಕ ಪರೀಕ್ಷೆಯ ಒಟ್ಟು ಅಂಕದ ಮೇಲೆ ಮೂರು ಮಾಡೋಣ ಎಂದು ತೀರ್ಮಾನವಾಯಿತು. 400ರ ಮೇಲಿನವರು ಎ, 300ರಿಂದ 400 ಬಿ, ಅದಕ್ಕಿಂತ ಕಡಿಮೆ ಸಿ. ಸಲಹೆ ಕೊಟ್ಟವನು ನಾನೇ. ಎ ವಿಭಾಗಕ್ಕೆ ಪೂರ್ತಿ ಪಠ್ಯ. ಸಿ ವಿಭಾಗಕ್ಕೆ ಪಾಸಿಂಗ್ ಪ್ಯಾಕೇಜ್. ರಚನೆಗಳು, ನಕ್ಷೆ, ಸರಾಸರಿ-ಮಧ್ಯಾಂಕ, ಒಂದೆರಡು ಪ್ರಮೇಯ, ಇಷ್ಟನ್ನು ಗಟ್ಟಿ ಮಾಡಿಸಿದರೆ 35 ದಾಟುತ್ತಾರೆ ಎಂಬ ಲೆಕ್ಕ.

ಸಿ ವಿಭಾಗದಲ್ಲಿ ಕ್ಯಾಂಪಿನ ಹುಡುಗನೊಬ್ಬನಿದ್ದ. ಒಂದು ದಿನ ಅವನ ಕೈಯಲ್ಲಿ ಎ ವಿಭಾಗದ ಗೆಳೆಯನ ನೋಟ್‌ಬುಕ್ಕು ಕಂಡೆ. ವರ್ಗ ಸಮೀಕರಣದ ಒಂದು ಲೆಕ್ಕಕ್ಕೆ ಬೆರಳಿಟ್ಟು ಕೇಳಿದ: "ಸಾರ್, ಈ ಲೆಕ್ಕ ನಮಗಿಲ್ಲೇನ್ರಿ?"

"ಅದು ಎ ಸೆಕ್ಷನ್ನಿಗಪ್ಪ. ನೀನು ಮೊದಲು ಪಾಸಾಗೋದು ನೋಡು" ಎಂದೆ.

ಸಂಜೆ ಮನೆಗೆ ಹೋದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಮರುದಿನ ಅಂಕಪಟ್ಟಿ ತೆಗೆದು ನೋಡಿದೆ. ಹುಡುಗನ ಒಟ್ಟು ಅಂಕ 282. ಕನ್ನಡ 125ಕ್ಕೆ 46, ಇಂಗ್ಲಿಷ್ 29, ಹಿಂದಿ 38, ಸಮಾಜ 40, ವಿಜ್ಞಾನ 58, ಗಣಿತ 71. ಎ ವಿಭಾಗದ ಪಟ್ಟಿಯನ್ನೂ ಪಕ್ಕಕ್ಕಿಟ್ಟುಕೊಂಡೆ. ಅಲ್ಲಿ ಗಣಿತದಲ್ಲಿ 71 ದಾಟಿದವರು ಕೆಲವರೇ. ನನ್ನ ವಿಷಯದಲ್ಲಿ ಶಾಲೆಯ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನನ್ನು ನಾನೇ ನನ್ನ ಕೈಯಾರೆ, ನನ್ನ ವಿಷಯ ಪೂರ್ತಿ ಸಿಗದ ಕೋಣೆಗೆ ಕಳಿಸಿದ್ದೆ.

ಪಟ್ಟಿ ಬದಲಿಸೋಣ ಎಂದರೆ, ಒಬ್ಬನಿಗೆ ಬದಲಿಸಿದರೆ ಎಲ್ಲರೂ ಕೇಳುತ್ತಾರೆ ಎಂದರು ಸಹೋದ್ಯೋಗಿಗಳು. ನಾನೂ ಸುಮ್ಮನಾದೆ. ಹುಡುಗ ಆ ವರ್ಷ ಇಂಗ್ಲಿಷಿನಲ್ಲಿ ಉಳಿದು, ಪೂರಕ ಪರೀಕ್ಷೆಯಲ್ಲಿ ಪಾಸಾದ. ಆ ಹೊತ್ತಿಗೆ ಪಿ.ಯು. ವಿಜ್ಞಾನದ ಸೀಟು ತುಂಬಿದ್ದವು. ಓದು ಅಲ್ಲಿಗೆ ನಿಂತಿತು.

625ರಲ್ಲಿ 325

ನನ್ನ ತಪ್ಪು ಎಲ್ಲಿತ್ತೆಂದು ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಸೇವೆಯಲ್ಲಿದ್ದ ಕಾಲದ ಎಸ್.ಎಸ್.ಎಲ್.ಸಿ. 625 ಅಂಕದ್ದು. ಪ್ರಥಮ ಭಾಷೆಗೆ 125, ಇನ್ನೆರಡು ಭಾಷೆಗೆ 200, ಒಟ್ಟು 325. ಗಣಿತ, ವಿಜ್ಞಾನ, ಸಮಾಜ ಮೂರಕ್ಕೂ ಸೇರಿ 300. ಅಂದರೆ ಶೇಕಡಾ 52 ಅಂಕ ಭಾಷೆಗಳದ್ದು. ಪರೀಕ್ಷೆಗೆ ಇದು ಸರಿಯೇ, ಭಾಷೆ ಬರಬೇಕು. ಆದರೆ ಒಟ್ಟು ಅಂಕ ನೋಡಿ ಗಣಿತದ ಕೋಣೆ ನಿರ್ಧರಿಸಿದರೆ, ಅರ್ಧಕ್ಕಿಂತ ಹೆಚ್ಚಾಗಿ ಭಾಷೆ ನೋಡಿ ನಿರ್ಧರಿಸಿದಂತಾಯಿತು. ಮನೆಯಲ್ಲಿ ಕನ್ನಡ ಇರುವ ಊರಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಸಿರುಗುಪ್ಪದ ಕ್ಯಾಂಪಿನಲ್ಲಿ, ಬಳ್ಳಾರಿಯ ಉರ್ದು, ತೆಲುಗು ಓಣಿಗಳಲ್ಲಿ, ತಾಂಡಾಗಳಲ್ಲಿ, ಇದು ಮನೆಮಾತಿನ ಮೇಲೆ ಮಕ್ಕಳನ್ನು ವಿಂಗಡಿಸಿದ ಹಾಗೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ಕಾಲದಲ್ಲಿ ತಿಂಗಳುಗಟ್ಟಲೆ ಶಾಲೆ ತಪ್ಪಿಸುವ ಮಕ್ಕಳದ್ದೂ ಇದೇ ಕಥೆ. ಒಟ್ಟು ಅಂಕ ಅವರ ಬುದ್ಧಿಯ ಜೊತೆಗೆ ಅವರ ಮನೆಯ ಕಷ್ಟವನ್ನೂ ಕೂಡಿಸಿಕೊಂಡಿರುತ್ತದೆ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಇಂಗ್ಲೆಂಡಿನಲ್ಲಿ ಬಹಳ ಕಾಲ ಹದಿನಾರರ ಮಕ್ಕಳಿಗೆ ಎರಡು ಬೇರೆ ಪರೀಕ್ಷೆಗಳಿದ್ದವು. ಮುಂದಿನವರಿಗೆ ಓ-ಲೆವೆಲ್, ಹಿಂದಿನವರಿಗೆ ಸಿ.ಎಸ್.ಇ. ಯಾವ ಗುಂಪಿನಲ್ಲಿ ಕೂರಿಸಿದರೋ ಆ ಪರೀಕ್ಷೆಯೇ ಗತಿ. 1988ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು. ಫಿನ್ಲೆಂಡ್ ದೇಶ ಗಣಿತ ಮತ್ತು ಭಾಷೆಗಳಲ್ಲಿದ್ದ ಮಟ್ಟದ ಗುಂಪುಗಳನ್ನು 1985ರಲ್ಲಿ ಕೈಬಿಟ್ಟಿತು. ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಕೀನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಕದ ಮೇಲೆ ಎರಡು ವಿಭಾಗ ಮಾಡಿದ ಶಾಲೆಗಳ ಮಕ್ಕಳು, ಕೆಳಗಿನ ವಿಭಾಗದವರೂ ಸೇರಿ, ಹೆಚ್ಚು ಕಲಿತರು. ಮಕ್ಕಳ ಮಟ್ಟಕ್ಕೆ ಪಾಠವನ್ನು ಹೊಂದಿಸಲು ಮಾಸ್ತರಿಗೆ ಸಾಧ್ಯವಾದದ್ದು ಕಾರಣ ಎಂದು ಅಧ್ಯಯನ ಮಾಡಿದವರು ಹೇಳಿದರು. ಗುಂಪು ಮಾಡುವುದೇ ಪಾಪ ಎನ್ನಲಾಗದು. ಯಾವುದನ್ನು ಅಳೆದು ಗುಂಪು ಮಾಡಿದೆವು, ಆ ಗುಂಪಿಗೆ ಏನು ಕಲಿಸಿದೆವು, ಮಗು ಅಲ್ಲಿಂದ ಹೊರಬರಲು ಬಾಗಿಲು ತೆರೆದಿತ್ತೇ ಎಂಬ ಮೂರು ಪ್ರಶ್ನೆ ಕೇಳಬೇಕು. ನನ್ನ ಪಟ್ಟಿ ಈ ಮೂರರಲ್ಲೂ ನಪಾಸು.

ಪೆನ್ಸಿಲಿನ ಪಟ್ಟಿ

ಮುಂದೆ ಕುರುಗೋಡು ಭಾಗಕ್ಕೆ ವರ್ಗವಾಗಿ ಹೋದಾಗ ಅಲ್ಲಿನ ಮುಖ್ಯೋಪಾಧ್ಯಾಯರ ಮುಂದೆ ಈ ಕಥೆ ಹೇಳಿದೆ. ಅವರು ಒಪ್ಪಿದರು. ವಿಭಾಗಗಳನ್ನು ದಾಖಲಾತಿ ಸಂಖ್ಯೆಯ ಸರಿ-ಬೆಸ ನೋಡಿ ಮಾಡಿದೆವು. ಹಗಲಿನ ಪಾಠ ಎಲ್ಲರಿಗೂ ಒಂದೇ. ಸಂಜೆಯ ವಿಶೇಷ ತರಗತಿಗೆ ಮಾತ್ರ ವಿಷಯಕ್ಕೊಂದು ಗುಂಪು. ಸೇತುಬಂಧದ ಪರೀಕ್ಷೆ ನೋಡಿ ಮೊದಲ ಪಟ್ಟಿ, ಆಮೇಲೆ ಪ್ರತಿ ಕಿರುಪರೀಕ್ಷೆ ಮುಗಿದ ಮೇಲೆ ಹೊಸ ಪಟ್ಟಿ. ಗಣಿತದಲ್ಲಿ ಮೇಲಿನ ಗುಂಪಿನಲ್ಲಿರುವ ಮಗು ಇಂಗ್ಲಿಷಿನಲ್ಲಿ ಕೆಳಗಿನ ಗುಂಪಿನಲ್ಲಿ ಕೂರುತ್ತಿತ್ತು. ಹಾಗಾಗಿ ಯಾರಿಗೂ ದಡ್ಡ ಎಂಬ ಹಣೆಪಟ್ಟಿ ಅಂಟಲಿಲ್ಲ. ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದು ನೋಟೀಸ್ ಬೋರ್ಡಿಗೆ ಹಚ್ಚುತ್ತಿದ್ದೆವು.

ಸುಲಭವಾಗಿತ್ತು ಎನ್ನಲಾರೆ. ವೇಳಾಪಟ್ಟಿ ಹೊಂದಿಸುವುದೇ ತಲೆನೋವು. ಒಬ್ಬರು ರಜೆ ಹಾಕಿದರೆ ಎಲ್ಲ ಗುಂಪೂ ಕಲಸಿಹೋಗುತ್ತಿತ್ತು. ಚೆನ್ನಾಗಿ ಓದುವ ಮಕ್ಕಳ ತಂದೆತಾಯಿ, ನಮ್ಮ ಮಗುವನ್ನು ಯಾಕೆ ಎಲ್ಲರ ಜೊತೆ ಕೂರಿಸುತ್ತೀರಿ ಎಂದು ಬಂದು ಕೇಳಿದರು. ಅವರ ಆತಂಕ ಸುಳ್ಳಲ್ಲ. ಅವರಿಗೆ ಸಂಜೆಯ ಗುಂಪಿನಲ್ಲಿ ಮಾಡಿಸುವ ಕಠಿಣ ಲೆಕ್ಕಗಳನ್ನು ತೋರಿಸಿ ಸಮಾಧಾನ ಹೇಳುತ್ತಿದ್ದೆವು.

ಈಗ ವಿಂಗಡಣೆಗೆ ಹೊಸ ದಾರಿಗಳು ಬಂದಿವೆ. ಆರನೆಯ ತರಗತಿಗೇ ಪ್ರವೇಶ ಪರೀಕ್ಷೆ ಬರೆದು ಕೆಲವರು ವಸತಿ ಶಾಲೆ, ಆದರ್ಶ ವಿದ್ಯಾಲಯಗಳಿಗೆ ಹೋಗುತ್ತಾರೆ. ಉಳಿದವರು ನಮ್ಮಲ್ಲಿಗೆ ಬರುತ್ತಾರೆ. ಒಂದೇ ಸರ್ಕಾರಿ ಶಾಲೆಯ ಒಳಗೆ ಇಂಗ್ಲಿಷ್ ಮಾಧ್ಯಮ, ಕನ್ನಡ ಮಾಧ್ಯಮ ಎಂದು ಎರಡು ವಿಭಾಗಗಳು. ಯಾರೂ ಅಂಕ ನೋಡಿ ಮಾಡಿದ್ದಲ್ಲ ಎಂದರೂ, ಇಂಗ್ಲಿಷ್ ಮಾಧ್ಯಮವೇ ಎ, ಕನ್ನಡ ಮಾಧ್ಯಮವೇ ಬಿ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತಿದೆ. ಇದನ್ನು ಇಂದಿನ ಶಿಕ್ಷಕ ಬಂಧುಗಳು ಗಮನಿಸಬೇಕು.

ನಾಲ್ಕೈದು ವರ್ಷದ ಹಿಂದೆ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಒಬ್ಬರು ಬಂದು ಕಾಲಿಗೆ ನಮಸ್ಕಾರ ಮಾಡಿದರು. ಅದೇ ಹುಡುಗ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಎಷ್ಟು ಕ್ವಿಂಟಲ್ ಭತ್ತಕ್ಕೆ ಎಷ್ಟು ಅಕ್ಕಿ ಎಂಬುದನ್ನು ಕಾಗದ ಇಲ್ಲದೆ ಹೇಳುತ್ತೇನೆ ಎಂದು ನಕ್ಕರು. ಹಳೆಯದನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡುವಾಗ ಮಾತ್ರ ಕೇಳಿದರು: "ಸಾರ್, ಮಗಳನ್ನ ಎಂಟನೇತ್ತಿಗೆ ಹಚ್ಚಬೇಕ್ರಿ. ಯಾವ ಸೆಕ್ಷನ್ ಕೊಡ್ತಾರಂತೀರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಐವತ್ತು ತುಂಬಿದ ನಮ್ಮ ಶಾಲೆಯ ಶಿಕ್ಷಕರಲ್ಲಿ ಆ ಪ್ರಶ್ನೆಯನ್ನೇ ಇಡುತ್ತಿದ್ದೇನೆ. ಮುಂದಿನ ಜೂನ್‌ನಲ್ಲಿ ದಾಖಲಾತಿ ವಹಿ ತೆಗೆದಾಗ ಒಟ್ಟು ಅಂಕದ ಕಾಲಂ ಒಂದನ್ನೇ ನೋಡಬೇಡಿ. ಪ್ರತಿ ವಿಷಯದ ಅಂಕ ನೋಡಿ, ಮನೆಮಾತು ಕೇಳಿ, ಹಾಜರಿ ಯಾವ ತಿಂಗಳಲ್ಲಿ ತಪ್ಪಿದೆ ಎಂದು ನೋಡಿ. ಪಟ್ಟಿ ಮಾಡಲೇಬೇಕಾದರೆ ಪೆನ್ಸಿಲಿನಲ್ಲಿ ಮಾಡಿ. ಅಳಿಸುವ ರಬ್ಬರು ನಿಮ್ಮ ಮೇಜಿನ ಮೇಲೆ ವರ್ಷವಿಡೀ ಇರಲಿ.